ರೋಬೋ ಬರಲಿ, ಅದಕ್ಕೂ ಮೊದಲು ಡಬ್ಬ ಬರಲಿ

ಶಿವಮೊಗ್ಗದ ಬಿ.ಎಚ್. ರಸ್ತೆಯ ಜಾಹೀರಾತು ಫಲಕಗಳಲ್ಲಿ ಈಗ ಸೀರೆ, ಚಿನ್ನ, ಪಿಯು ಕಾಲೇಜುಗಳ ನಡುವೆ ಪಿತ್ತಕೋಶದ ಕಲ್ಲೂ ಜಾಗ ಗಿಟ್ಟಿಸಿಕೊಂಡಿದೆ. ದೊಡ್ಡ ಗಾಯವಿಲ್ಲ, ಹೆಚ್ಚು ನೋವಿಲ್ಲ, ಬೇಗ ಮನೆಗೆ ಹೋಗಬಹುದು ಎಂಬ ಭರವಸೆ. ಭರವಸೆ ಸುಳ್ಳಲ್ಲ. ಅಂಗೈಯುದ್ದ ಹೊಟ್ಟೆ ಸೀಳುವ ಬದಲು ಅರ್ಧ, ಒಂದು ಸೆಂಟಿಮೀಟರಿನ ಮೂರು ನಾಲ್ಕು ರಂಧ್ರಗಳಲ್ಲಿ ಕ್ಯಾಮೆರಾದ ದುರ್ಬೀನು, ಉಪಕರಣ ಇಳಿಸಿ, ಪರದೆ ನೋಡುತ್ತ ಕೆಲಸ ಮುಗಿಸುವ ಈ ಲ್ಯಾಪ್ರೊಸ್ಕೋಪಿ ವಿಧಾನ ರೋಗಿಗೆ ನಿಜಕ್ಕೂ ಉಪಕಾರ ಮಾಡಿದೆ. ಆದರೆ ಆ ರಂಧ್ರದೊಳಗೆ ಉಪಕರಣ ಇಳಿಸುವ ಕೈ ಎಲ್ಲಿ ಪಳಗಿತು ಎಂದು ಯಾವ ಫಲಕವೂ ಹೇಳುವುದಿಲ್ಲ, ರೋಗಿಗಳೂ ಕೇಳುವುದಿಲ್ಲ. ಮೊನ್ನೆ ವೈದ್ಯರ ಕೂಟವೊಂದರಲ್ಲಿ ಊಟ ಮುಗಿಯುವವರೆಗೂ ಮಾತೆಲ್ಲ ಶಸ್ತ್ರಚಿಕಿತ್ಸೆಯ ರೋಬೋದ್ದೇ, ಅದಕ್ಕೆ ಬೇಕಾದ ಕೋಟಿಗಳದ್ದೇ. ಅಲ್ಲಿ ನುಂಗಿಕೊಂಡ ಮಾತನ್ನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಅರಿವಳಿಕೆ ತಜ್ಞೆ. ಶಿವಮೊಗ್ಗ, ತೀರ್ಥಹಳ್ಳಿ, ಸಾಗರ ಎಂದು ಕರೆದಲ್ಲಿಗೆ ಹೋಗುವವಳು. ಶಸ್ತ್ರಚಿಕಿತ್ಸೆ ನಡೆಯುವಾಗ ರೋಗಿಯ ತಲೆಯ ಬಳಿ ನಿಲ್ಲುವುದು ನಮ್ಮ ಜಾಗ. ಸರ್ಜನ್ ನೋಡುವ ಪರದೆಯನ್ನೇ ನಾವೂ ನೋಡುತ್ತೇವೆ. ಒಬ್ಬ ಸರ್ಜನ್ ಇನ್ನೊಬ್ಬ ಸರ್ಜನ್ನನ ಕೈಚಳಕವನ್ನು ನೋಡುವುದು ಅಪರೂಪ. ನಮಗೆ ಎಲ್ಲರ ಕೈಯೂ ಗೊತ್ತು. ಕೆಲವರು ಪಿತ್ತಕೋಶ ಬಿಡಿಸುವುದನ್ನು ನೋಡುತ್ತಿದ್ದರೆ ನನ್ನ ಅರ್ಧ ಆತಂಕ ಅಲ್ಲಿಗೇ ಇಳಿಯುತ್ತದೆ. ಇನ್ನು ಕೆಲವರು ಕೈಗೆತ್ತಿಕೊಂಡರೆ ರಕ್ತದ ಬಾಟಲಿ ಎಲ್ಲಿದೆ ಎಂದು ನರ್ಸನ್ನು ಒಮ್ಮೆ ಕೇಳಿಟ್ಟುಕೊಳ್ಳುತ್ತೇನೆ. ಪದವಿ ಇಬ್ಬರದ್ದೂ ಒಂದೇ.

ಇದು ನನ್ನೊಬ್ಬಳ ಗೊಣಗಾಟ ಎನ್ನುವವರಿಗೆ ಅಮೆರಿಕದ ಮಿಷಿಗನ್ ರಾಜ್ಯದ ಒಂದು ಅಧ್ಯಯನ ಇದೆ, 2013ರಲ್ಲಿ ಪ್ರಕಟವಾದದ್ದು. ಬೊಜ್ಜಿಗಾಗಿ ಜಠರದ ಬೈಪಾಸ್ ಮಾಡುವ 20 ಸರ್ಜನ್‌ಗಳು ತಮ್ಮ ಶಸ್ತ್ರಚಿಕಿತ್ಸೆಯ ಒಂದೊಂದು ವಿಡಿಯೊ ಕೊಟ್ಟರು. ಯಾರದೆಂದು ತಿಳಿಸದೆ ಅವನ್ನು ಸಹೋದ್ಯೋಗಿಗಳಿಂದ ನೋಡಿಸಿ ಅಂಕ ಹಾಕಿಸಲಾಯಿತು. ಕಡಿಮೆ ಅಂಕ ಪಡೆದ ಕಾಲು ಭಾಗದವರ ರೋಗಿಗಳಲ್ಲಿ ತೊಡಕುಗಳು ಶೇ. 14.5, ಹೆಚ್ಚು ಅಂಕ ಪಡೆದ ಕಾಲು ಭಾಗದವರಲ್ಲಿ ಶೇ. 5.2. ಸಾವಿನ ಪ್ರಮಾಣದಲ್ಲೂ ಅದೇ ಬಗೆಯ ಅಂತರ. ಪರದೆ ನೋಡಿದವರಿಗೆ ಗೊತ್ತಿದ್ದ ಸತ್ಯಕ್ಕೆ ಅಂಕಿ ಸಿಕ್ಕಿತು, ಅಷ್ಟೇ.

ಈ ಕೆಲಸ ಯಾಕೆ ಕಷ್ಟ ಎನ್ನುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಹೊಟ್ಟೆಗೆ ಇಂಗಾಲದ ಡೈಆಕ್ಸೈಡ್ ತುಂಬಿ, 12ರಿಂದ 15 ಮಿಲಿಮೀಟರ್ ಪಾದರಸದ ಒತ್ತಡದಲ್ಲಿ ಒಳಗೆ ಜಾಗ ಮಾಡಿಕೊಳ್ಳುತ್ತಾರೆ. ಆ ಅನಿಲವೇ ಯಾಕೆಂದರೆ ಅದು ಹತ್ತಿ ಉರಿಯುವುದಿಲ್ಲ, ರಕ್ತದಲ್ಲಿ ಬೇಗ ಕರಗಿ ಉಸಿರಿನಲ್ಲಿ ಹೊರಹೋಗುತ್ತದೆ. ಅವಸರದಲ್ಲಿ ತುಂಬಿಸಿದರೆ ಕೆಲವರಲ್ಲಿ ನಾಡಿ ಇದ್ದಕ್ಕಿದ್ದಂತೆ ಕುಸಿಯುತ್ತದೆ. ‘ಗ್ಯಾಸ್ ನಿಲ್ಲಿಸಿ’ ಎಂದು ನಾನು ಕೂಗಿದಾಗ ತಿರುಗಿ ವಾದಿಸದೆ ನಿಲ್ಲಿಸುವವರನ್ನು ನಾನು ಒಳ್ಳೆಯ ಸರ್ಜನ್ ಎಂದು ಕರೆಯುತ್ತೇನೆ. ಇನ್ನು ಉಪಕರಣಗಳು ಉದ್ದನೆಯವು, ಚರ್ಮದ ರಂಧ್ರವೇ ಅವಕ್ಕೆ ಆನಿಕೆ. ಹೀಗಾಗಿ ಕೈ ಬಲಕ್ಕೆ ಹೋದರೆ ತುದಿ ಎಡಕ್ಕೆ ಹೋಗುತ್ತದೆ. ಪರದೆಯಲ್ಲಿ ಆಳ ಕಾಣುವುದಿಲ್ಲ. ಬೆರಳಿಗೆ ಸಿಗುತ್ತಿದ್ದ ಸ್ಪರ್ಶ ಬಹುಪಾಲು ಕಳೆದುಹೋಗುತ್ತದೆ. ಕ್ಯಾಮೆರಾ ಹಿಡಿದ ಪಿಜಿ ವಿದ್ಯಾರ್ಥಿ ರಾತ್ರಿಪಾಳಿ ಮುಗಿಸಿ ಬಂದಿದ್ದರೆ ಚಿತ್ರವೂ ತೂಕಡಿಸುತ್ತದೆ. ಮಳೆಗಾಲದಲ್ಲಿ ಕರೆಂಟು ಹೋಗಿ, ಯುಪಿಎಸ್ ಕೈಕೊಟ್ಟು, ಪರದೆ ಕಪ್ಪಾಗುವ ಕ್ಷಣಗಳ ಕಥೆ ಮಲೆನಾಡಿನ ಓಟಿ (ಶಸ್ತ್ರಚಿಕಿತ್ಸಾ ಕೊಠಡಿ) ಸಿಬ್ಬಂದಿಯನ್ನು ಕೇಳಿದರೆ ಸಿಗುತ್ತದೆ.

ಈ ವಿಲೋಮ ಚಲನೆಯನ್ನು ಮೆದುಳು ಒಗ್ಗಿಸಿಕೊಳ್ಳಬೇಕು. ಅದಕ್ಕೆ ಅಭ್ಯಾಸದ ಹೊರತು ದಾರಿಯಿಲ್ಲ. ಅಭ್ಯಾಸ ರೋಗಿಯ ಹೊಟ್ಟೆಯಲ್ಲಿ ಆಗಬೇಕೋ, ಕಲಿಕೆಗೆಂದೇ ಮಾಡಿದ ಡಬ್ಬದಲ್ಲಿ ಆಗಬೇಕೋ?

ಡಬ್ಬದ ಉಪಾಯ ಹೊಸದೇನಲ್ಲ. ಜರ್ಮನಿಯ ಕೀಲ್ ನಗರದ ಕುರ್ಟ್ ಸೆಮ್ ಎಂಬ ಸ್ತ್ರೀರೋಗ ತಜ್ಞ 1980ರಲ್ಲಿ ಮೊದಲ ಬಾರಿಗೆ ಲ್ಯಾಪ್ರೊಸ್ಕೋಪಿನ ಮೂಲಕ ಅಪೆಂಡಿಕ್ಸ್ ತೆಗೆದರು. ಸರ್ಜನ್‌ಗಳು ಅವರ ಮೇಲೆ ಹರಿಹಾಯ್ದರು. ಅದೇ ದೇಶದ ಎರಿಕ್ ಮ್ಯೂಹೆ 1985ರಲ್ಲಿ ಪಿತ್ತಕೋಶ ತೆಗೆದು ಮರುವರ್ಷ ಸರ್ಜನ್‌ಗಳ ಸಮ್ಮೇಳನದಲ್ಲಿ ಹೇಳಿಕೊಂಡಾಗಲೂ ಮನ್ನಣೆ ಸಿಗಲಿಲ್ಲ. 1987ರಲ್ಲಿ ಫ್ರಾನ್ಸಿನ ಫಿಲಿಪ್ ಮೂರೆ ಮಾಡಿದ ಮೇಲೆ ಜಗತ್ತು ಬೆನ್ನುಹತ್ತಿತು. 1990ರಲ್ಲಿ ಮುಂಬೈಯ ಜೆ.ಜೆ. ಆಸ್ಪತ್ರೆಯಲ್ಲಿ ತೆಹಂಟನ್ ಉದ್ವಾಡಿಯಾ ಅದನ್ನು ಭಾರತಕ್ಕೆ ತಂದರು. ಈ ಕಥೆಯಲ್ಲಿ ನನಗೆ ಮುಖ್ಯವೆನಿಸುವುದು ಬೇರೆಯೇ. ಸೆಮ್ ಉಪಕರಣಗಳ ಜೊತೆಗೇ ಅಭ್ಯಾಸಕ್ಕೆಂದು ಒಂದು ಪೆಟ್ಟಿಗೆಯನ್ನೂ ಮಾಡಿದ್ದರು, ಪೆಲ್ವಿ-ಟ್ರೈನರ್ ಎಂದು ಅದರ ಹೆಸರು. ನಮ್ಮ ಸಣ್ಣ ಊರುಗಳಿಗೆ ಉಪಕರಣಗಳು ಬಂದವು, ಪೆಟ್ಟಿಗೆ ಹಿಂದೆಯೇ ಉಳಿಯಿತು.

ಅವಸರದ ಬೆಲೆಯನ್ನು ರೋಗಿಗಳು ತೆತ್ತರು. ಹೊಟ್ಟೆ ತೆರೆದು ಪಿತ್ತಕೋಶ ತೆಗೆಯುತ್ತಿದ್ದ ಕಾಲದಲ್ಲಿ ಮುಖ್ಯ ಪಿತ್ತನಾಳಕ್ಕೆ ಪೆಟ್ಟಾಗುವುದು ಸಾವಿರಕ್ಕೆ ಒಂದೆರಡು. ಲ್ಯಾಪ್ರೊಸ್ಕೋಪಿನ ಮೊದಲ ವರ್ಷಗಳಲ್ಲಿ ಅದು ನಾಲ್ಕೈದಕ್ಕೆ ಏರಿತು. ಪಿತ್ತಕೋಶದ ನಾಳ ಎಂದುಕೊಂಡು ಕ್ಲಿಪ್ ಹಾಕಿ ಕತ್ತರಿಸಿದ್ದು ಮುಖ್ಯ ಪಿತ್ತನಾಳವೇ ಆಗಿರುತ್ತಿತ್ತು. 1995ರಲ್ಲಿ ಸ್ಟ್ರಾಸ್‌ಬರ್ಗ್ ಮತ್ತು ಸಂಗಡಿಗರು ಒಂದು ಶಿಸ್ತನ್ನು ಮುಂದಿಟ್ಟರು: ಪಿತ್ತಕೋಶದ ಬುಡವನ್ನು ಪೂರ್ತಿ ಬಿಡಿಸಿ, ಅದಕ್ಕೆ ಸೇರುವ ರಚನೆಗಳು ಎರಡೇ ಎಂದು ಕಣ್ಣಾರೆ ಕಂಡ ಮೇಲೆಯೇ ಕ್ಲಿಪ್ ಹಾಕಬೇಕು. ಆ ಶಿಸ್ತಿಗೆ ಬೇಕಾಗುವುದು ಇನ್ನೂ ಹತ್ತು ನಿಮಿಷದ ತಾಳ್ಮೆ. ಪಿತ್ತನಾಳ ತುಂಡಾದ ಹೊಸನಗರದ ರೋಗಿ ಜುಲೈ ತಿಂಗಳಲ್ಲಿ ಆಗುಂಬೆ ಘಾಟಿ ಇಳಿದು ಮಣಿಪಾಲಕ್ಕೆ ಹೋಗಬೇಕು, ಅದೂ ಗುಡ್ಡ ಕುಸಿಯದೆ ರಸ್ತೆ ತೆರೆದಿದ್ದರೆ. ಮನೆಯವರು ಅಡಿಕೆ ಮಂಡಿಯಲ್ಲಿ ಮುಂಗಡ ಕೇಳಬೇಕು. ನಗರದಲ್ಲಿ ಆಗುವ ತಪ್ಪಿಗಿಂತ ಇಲ್ಲಿ ಆಗುವ ತಪ್ಪು ದುಬಾರಿ.

ಹಾಗೆ ನೋಡಿದರೆ ಈ ದುರ್ಬೀನು ನಮ್ಮ ಹಳ್ಳಿಗಳಿಗೆ ಪಿತ್ತಕೋಶಕ್ಕಿಂತ ಎಷ್ಟೋ ಮೊದಲೇ ಬಂದಿತ್ತು, ಕುಟುಂಬ ಯೋಜನೆಯ ಶಿಬಿರಗಳಿಗೆ. ಅಲ್ಲಿ ಮುಖ್ಯವಾಗಿದ್ದದ್ದು ಗುರಿ, ಸಂಖ್ಯೆ. ಒಂದೇ ದಿನ ಎಷ್ಟು ಹೆಂಗಸರು ಎಂಬುದರ ಮೇಲೆ ವೈದ್ಯನ ಹಿರಿಮೆ ಅಳೆಯುತ್ತಿದ್ದರು. 2014ರ ನವೆಂಬರಿನಲ್ಲಿ ಛತ್ತೀಸಗಡದ ಬಿಲಾಸ್‌ಪುರ ಜಿಲ್ಲೆಯ ಒಂದು ಶಿಬಿರದಲ್ಲಿ ಕೆಲವೇ ಗಂಟೆಗಳಲ್ಲಿ 83 ಮಹಿಳೆಯರಿಗೆ ಶಸ್ತ್ರಚಿಕಿತ್ಸೆ ಮಾಡಿ ಮುಗಿಸಿದರು. ಹತ್ತಕ್ಕೂ ಹೆಚ್ಚು ತಾಯಂದಿರು ಸತ್ತರು. 2016ರಲ್ಲಿ ಸುಪ್ರೀಂ ಕೋರ್ಟ್ ಇಂಥ ಶಿಬಿರಗಳನ್ನು ಮೂರು ವರ್ಷದೊಳಗೆ ನಿಲ್ಲಿಸಿ ಎಂದು ಹೇಳಬೇಕಾಯಿತು. ಇವತ್ತಿಗೂ ಸರ್ಜನ್ನನ ಪರಿಚಯ ಮಾಡಿಕೊಡುವಾಗ ‘ಇಷ್ಟು ಸಾವಿರ ಕೇಸು ಮಾಡಿದ್ದಾರೆ’ ಎನ್ನುವುದನ್ನು ಕೇಳಿದರೆ ನನಗೆ ಮೈ ಉರಿಯುತ್ತದೆ. ಅವರಲ್ಲಿ ಎಷ್ಟು ಜನ ಮತ್ತೆ ಬಂದು ದಾಖಲಾದರು ಎಂಬುದನ್ನು ಸನ್ಮಾನದ ಭಾಷಣದಲ್ಲಿ ಯಾರೂ ಹೇಳುವುದಿಲ್ಲ.

ತರಬೇತಿಯಿಂದ ಏನಾಗುತ್ತದೆ ಎಂಬುದೂ ಗೊತ್ತಿರುವ ವಿಷಯವೇ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ 16 ಜನ ಕಿರಿಯ ಸರ್ಜನ್‌ಗಳಲ್ಲಿ ಅರ್ಧದಷ್ಟು ಜನರಿಗೆ ಕಂಪ್ಯೂಟರಿನ ಕೃತಕ ಪರದೆಯಲ್ಲಿ ಅಭ್ಯಾಸ ಮಾಡಿಸಿ, ಆಮೇಲೆ ಎಲ್ಲರಿಂದಲೂ ನಿಜವಾದ ಪಿತ್ತಕೋಶ ಬಿಡಿಸಿದರು. ಅಭ್ಯಾಸ ಮಾಡಿದವರು ಶೇ. 29ರಷ್ಟು ಬೇಗ ಮುಗಿಸಿದರು, ಅವರ ತಪ್ಪುಗಳೂ ಆರರಲ್ಲಿ ಒಂದು ಪಾಲಿಗೆ ಇಳಿದವು. 2002ರಲ್ಲೇ ಪ್ರಕಟವಾದ ಫಲಿತಾಂಶವಿದು. ನಮ್ಮಲ್ಲಿ ಮಾತ್ರ ವಾರಾಂತ್ಯದ ಕಾರ್ಯಾಗಾರ, ಗುಂಪು ಫೋಟೊ, ಚೌಕಟ್ಟು ಹಾಕಿಸಿದ ಪ್ರಮಾಣಪತ್ರ. ಅಡಿಕೆ ಮರ ಹತ್ತುವುದನ್ನು ಕಲಿಯುವ ಹುಡುಗನನ್ನೂ ಮೊದಲು ಗಿಡ್ಡ ಮರಕ್ಕೇ ಹತ್ತಿಸುತ್ತಾರೆ.

ಡಬ್ಬಕ್ಕೆ ಲಕ್ಷಗಳು ಬೇಡ. ಪ್ಲಾಸ್ಟಿಕ್ ಡಬ್ಬ, ಮುಚ್ಚಳದಲ್ಲಿ ತೂತು, ಒಳಗೊಂದು ಬಲ್ಬು, ಮೇಲೊಂದು ಮೊಬೈಲ್ ಕ್ಯಾಮೆರಾ, ಓಟಿಯಲ್ಲಿ ಹಳೆಯದಾದ ಉಪಕರಣಗಳು. ಕಡಲೆಕಾಳನ್ನು ಒಂದು ಬಟ್ಟಲಿಂದ ಇನ್ನೊಂದಕ್ಕೆ ದಾಟಿಸುವುದು, ಬಟ್ಟೆಯ ಮೇಲೆ ಬರೆದ ವೃತ್ತವನ್ನು ಗೆರೆ ಮೀರದೆ ಕತ್ತರಿಸುವುದು, ಸ್ಪಂಜಿಗೆ ಹೊಲಿಗೆ ಹಾಕಿ ಒಳಗೇ ಗಂಟು ಕಟ್ಟುವುದು. ದಿನಕ್ಕೆ ಅರ್ಧ ಗಂಟೆ. ಅಮೆರಿಕದಲ್ಲಿ ಇಂಥದ್ದೇ ಕೆಲಸಗಳ ಪರೀಕ್ಷೆ ಪಾಸಾಗದೆ ಸರ್ಜರಿಯ ಮಂಡಳಿಯ ಪ್ರಮಾಣಪತ್ರ ಸಿಗುವುದಿಲ್ಲ. ಸುತ್ತಲಿನ ಜಿಲ್ಲೆಗಳ ಬಡವರೆಲ್ಲ ಬರುವ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯ ಆವರಣದಲ್ಲಿ, ತಾಲ್ಲೂಕು ಆಸ್ಪತ್ರೆಯ ಮತ್ತು ಖಾಸಗಿ ಸರ್ಜನ್‌ಗಳಿಗೂ ಬಾಗಿಲು ತೆರೆದ ಇಂಥ ಒಂದು ಕೋಣೆ ಇರಬೇಕು ಎನ್ನುವುದು ನನ್ನ ಆಸೆ.

ಸಂಶೋಧನೆಯ ಮಾತು. ಸ್ನಾತಕೋತ್ತರ ಪ್ರಬಂಧಗಳಲ್ಲಿ ‘ತೆರೆದ ಮತ್ತು ಲ್ಯಾಪ್ರೊಸ್ಕೋಪಿಕ್ ವಿಧಾನಗಳ ಹೋಲಿಕೆ’ ಎಷ್ಟು ಸಲ ಬಂದಿದೆಯೋ ದೇವರಿಗೇ ಗೊತ್ತು. ಹರ್ನಿಯಾಕ್ಕೆ ಜಾಲರಿ ಹಾಕಿಸಿಕೊಂಡ, ಅಡಿಕೆ ಕೊನೆ ಕೊಯ್ಯುವ ಕೊನೆಗಾರ ಯಾವಾಗ ಮತ್ತೆ ಮರ ಹತ್ತಬಹುದು? ಪುಸ್ತಕದಲ್ಲಿ ಕಚೇರಿ ಕೆಲಸಕ್ಕೆ ಹೋಗುವವರ ಲೆಕ್ಕವಿದೆ, ನಮ್ಮವರ ಲೆಕ್ಕವಿಲ್ಲ. ಅದನ್ನು ಶಿವಮೊಗ್ಗದವರಲ್ಲದೆ ಇನ್ಯಾರು ಮಾಡಬೇಕು? ಅನಿಲವಿಲ್ಲದೆ ಹೊಟ್ಟೆಯ ಗೋಡೆಯನ್ನೇ ಮೇಲಕ್ಕೆತ್ತಿ, ಬೆನ್ನಿಗೆ ಕೊಡುವ ಅರಿವಳಿಕೆಯಲ್ಲೇ ಲ್ಯಾಪ್ರೊಸ್ಕೋಪಿ ಮಾಡುವ ವಿಧಾನವನ್ನು ಗ್ರಾಮೀಣ ಸರ್ಜನ್‌ಗಳು ಈಶಾನ್ಯ ಭಾರತದಲ್ಲಿ ಬಳಸುತ್ತಿದ್ದಾರೆ. ಸಿಲಿಂಡರ್ ಸಮಯಕ್ಕೆ ಬರದ, ನನ್ನಂಥವರು ದಿನವೂ ಸಿಗದ ತಾಲ್ಲೂಕುಗಳಿಗೆ ಅದು ಹೊಂದುತ್ತದೆಯೇ ಎಂದು ನೋಡಬೇಡವೇ? ಸಣ್ಣ ರಂಧ್ರವೆಂದರೆ ಒಳ್ಳೆಯದೇ ಎಂದು ಕಣ್ಣುಮುಚ್ಚಿ ನಂಬುವಂತೆಯೂ ಇಲ್ಲ. ಗರ್ಭಕಂಠದ ಕ್ಯಾನ್ಸರಿನಲ್ಲಿ 2018ರಲ್ಲಿ ಬಂದ ಅಂತರರಾಷ್ಟ್ರೀಯ ಪ್ರಯೋಗ ಎಲ್ಲರನ್ನೂ ಬೆಚ್ಚಿಬೀಳಿಸಿತು: ನಾಲ್ಕೂವರೆ ವರ್ಷದ ಹೊತ್ತಿಗೆ ರೋಗ ಮರಳದೆ ಬದುಕಿದ್ದವರು ತೆರೆದ ವಿಧಾನದಲ್ಲಿ ಶೇ. 96.5, ರಂಧ್ರದ ವಿಧಾನದಲ್ಲಿ ಶೇ. 86. ಆ ರಂಧ್ರದ ಗುಂಪಿನಲ್ಲಿ ರೋಬೋದಿಂದ ಮಾಡಿದವೂ ಸೇರಿದ್ದವು.

ಶಸ್ತ್ರಚಿಕಿತ್ಸೆಗಳ ವಿಡಿಯೊ ಇಟ್ಟುಕೊಂಡು ತಿಂಗಳಿಗೊಮ್ಮೆ ಕೂತು, ಹೆಸರು ಹೇಳದೆ ಪರಸ್ಪರ ಅಂಕ ಹಾಕೋಣ ಎಂದಾಗ ಸ್ನೇಹಿತರು ಎತ್ತುವ ಆಕ್ಷೇಪ ಒಂದೇ: ನಾಳೆ ಅದೇ ವಿಡಿಯೊ ಗ್ರಾಹಕ ಆಯೋಗದಲ್ಲಿ ಸಾಕ್ಷಿಯಾದರೆ? ಹೆದರಿಕೆ ನ್ಯಾಯವಾದದ್ದೇ. ರೋಗಿಯ ಒಪ್ಪಿಗೆ ಪಡೆಯಿರಿ, ಹೆಸರು ದಿನಾಂಕ ತೆಗೆಯಿರಿ, ಕಲಿಕೆಗೆಂದೇ ಬೇರೆ ಪ್ರತಿ ಇಟ್ಟುಕೊಳ್ಳಿ. ಇಷ್ಟಾದ ಮೇಲೂ ತೋರಿಸಲು ಅಂಜುವ ಕೆಲಸವಾದರೆ ಅದನ್ನು ಮಾಡುವಾಗಲೇ ಅಂಜಬೇಕಿತ್ತು.

ನಾಲ್ಕು ಡಬ್ಬಗಳ ಖರ್ಚು ನನ್ನದು. ಹಳೆಯ ಗ್ರಾಸ್ಪರ್, ನೀಡಲ್ ಹೋಲ್ಡರ್ ಇರುವವರು ಕೊಡಿ, ಬೀಗ ಹಾಕಬಹುದಾದ ಒಂದು ಕೋಣೆ ಇರುವವರು ಇನ್‌ಬಾಕ್ಸಿಗೆ ಬರೆಯಿರಿ. ಸಂಜೆ ಆರರ ನಂತರ ತೆರೆದಿರುವ ಕೋಣೆಯಾದರೆ ಒಳ್ಳೆಯದು, ಪಿಜಿ ಮಕ್ಕಳಿಗೆ ಅದಕ್ಕೂ ಮೊದಲು ಪುರುಸೊತ್ತು ಸಿಗುವುದಿಲ್ಲ.