ಸ್ವಂತ ಊರಿನಲ್ಲಿ ಹೊಸ ಖಾನಾವಳಿ ಹುಡುಕುವ ಕಷ್ಟ

ವಿಜಯಪುರ ಬಿಟ್ಟು ಬೆಂಗಳೂರಿಗೆ ಬಂದು ನನಗೆ ಹತ್ತೊಂಬತ್ತು ವರ್ಷಗಳಾದವು. ಸಂಕ್ರಮಣದ ಹೊತ್ತಿಗೆ ನಡೆಯುವ ಸಿದ್ಧೇಶ್ವರ ಜಾತ್ರೆಗೆ ಒಮ್ಮೆ, ಬೇಸಿಗೆ ರಜೆಯಲ್ಲಿ ಮಕ್ಕಳನ್ನು ಅಜ್ಜಿಯ ಮನೆಯಲ್ಲಿ ಬಿಡಲು ಇನ್ನೊಮ್ಮೆ, ಹೀಗೆ ವರ್ಷಕ್ಕೆ ಎರಡು ಸಲ ಊರಿಗೆ ಹೋಗುತ್ತೇನೆ. ಕಚೇರಿಯಲ್ಲಿ ಯಾರಾದರೂ ಗೋಲಗುಮ್ಮಟ ನೋಡಲು ಹೊರಟರೆ ಊಟಕ್ಕೆ ಎಲ್ಲಿ ಹೋಗಬೇಕೆಂದು ಕೇಳುವುದು ನನ್ನನ್ನೇ. ನಾನೂ ಹಿಂದೆ ಮುಂದೆ ನೋಡದೆ ಎರಡು ಖಾನಾವಳಿಗಳ ಹೆಸರು ಹೇಳಿಬಿಡುತ್ತಿದ್ದೆ. ಆ ಎರಡರಲ್ಲಿ ಒಂದು ಈಗ ರೆಡಿಮೇಡ್ ಬಟ್ಟೆಯ ಅಂಗಡಿಯಾಗಿದೆ, ಇನ್ನೊಂದು ಇದ್ದೂ ಇಲ್ಲದಂತಾಗಿದೆ ಎಂಬುದು ಈ ಜನವರಿಯಲ್ಲಿ ಊರಿಗೆ ಹೋದಾಗ ತಿಳಿಯಿತು. ನನ್ನ ಮಾತು ನಂಬಿಕೊಂಡು ಹೋದವರು ಅಲ್ಲಿ ಏನು ಉಂಡರೋ, ನನ್ನನ್ನು ಎಷ್ಟು ಬೈದುಕೊಂಡರೋ ಎಂದು ನೆನೆದು ನಾಚಿಕೆಯಾಯಿತು.

ಊರು ಬಿಟ್ಟವನಿಗೆ ಊರಿನ ಊಟದ ಬಗ್ಗೆ ಇರುವ ತಿಳಿವಳಿಕೆ ಅವನು ಊರು ಬಿಟ್ಟ ವರ್ಷಕ್ಕೇ ನಿಂತುಬಿಟ್ಟಿರುತ್ತದೆ, ಆದರೆ ಅದು ನಿಂತಿದೆ ಎಂಬುದು ಅವನಿಗೆ ಮಾತ್ರ ಗೊತ್ತಿರುವುದಿಲ್ಲ. ಊರಿನ ಹೆಸರೇ 2014ರ ನವೆಂಬರ್ 1ರಂದು ಬಿಜಾಪುರ ಹೋಗಿ ವಿಜಯಪುರವಾಯಿತು. ನನ್ನ ಬಾಯಿಗೆ ಇವತ್ತಿಗೂ ಮೊದಲು ಬರುವುದು ಬಿಜಾಪುರವೇ. ಹೆಸರಿನ ವಿಷಯದಲ್ಲೇ ಹೀಗಿರುವಾಗ, ಯಾವ ಓಣಿಯಲ್ಲಿ ಯಾರು ಹೊಸದಾಗಿ ಒಲೆ ಹೊತ್ತಿಸಿದ್ದಾರೆ, ಯಾವ ಅಡುಗೆಯವರು ಯಾವ ಖಾನಾವಳಿ ಬಿಟ್ಟು ಎಲ್ಲಿಗೆ ಹೋದರು ಎಂಬುದು ನನ್ನಂಥವನಿಗೆ ಎಲ್ಲಿಂದ ತಿಳಿಯಬೇಕು?

ಹೊಸ ಜಾಗ ಹುಡುಕಬೇಕೆಂದುಕೊಂಡವನಿಗೆ ಮೊದಲ ತೊಡಕು ಎದುರಾಗುವುದು ಮನೆಯ ಹೊಸ್ತಿಲಲ್ಲೇ. ನಾಲ್ಕು ದಿನದ ರಜೆ ಎಂದರೆ ಎಂಟು ಊಟ. ಅದರಲ್ಲಿ ಭೋಗಿಯ ದಿನದ ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಸಂಕ್ರಮಣದ ಶೇಂಗಾ ಹೋಳಿಗೆ, ಕಾಕಾನ ಮನೆಯ ಊಟ, ಅಕ್ಕನ ಮನೆಯ ಊಟ ಇವೆಲ್ಲ ಮೊದಲೇ ಗೊತ್ತಾದವು, ತಪ್ಪಿಸಿಕೊಳ್ಳುವ ಹಾಗಿಲ್ಲ, ತಪ್ಪಿಸಿಕೊಳ್ಳುವ ಮನಸ್ಸೂ ಇಲ್ಲ. ಉಳಿಯುವುದು ಮೂರೋ ನಾಲ್ಕೋ ಹೊತ್ತು. ಅಷ್ಟಕ್ಕೂ ಅವ್ವನನ್ನು ಒಪ್ಪಿಸಬೇಕು. "ವರ್ಷಕ್ಕ ಎರಡ ಸಲ ಬರ್ತಿ, ಅದ್ರಾಗೂ ಹೊರಗ ಉಣ್ಣಾಕ ಹೋಗ್ತೀನಿ ಅಂತಿ. ನನ್ನ ಕೈ ಅಡಗಿ ಅಷ್ಟ ಕೆಟ್ಟೈತೇನು?" ಎಂದು ಅವ್ವ ಕೇಳಿದರೆ ಯಾವ ಮಗನ ಬಳಿಯೂ ಉತ್ತರವಿರುವುದಿಲ್ಲ. ಗೆಳೆಯರು ಕರೆದಿದ್ದಾರೆಂದು ಸುಳ್ಳು ಹೇಳಿದೆ. ಊರಲ್ಲಿ ಹೊರಗೆ ಉಣ್ಣುವ ಪ್ರತಿ ಊಟದ ಹಿಂದೆಯೂ ಹೀಗೊಂದು ಸಣ್ಣ ಸುಳ್ಳಿನ ಬೆಲೆ ಇರುವುದರಿಂದ, ಆ ಊಟ ಕೆಟ್ಟದ್ದಾದರೆ ಆಗುವ ಸಂಕಟವೂ ಹೆಚ್ಚು.

ಮೊದಲ ದಿನ ಹಾಗೆಯೇ ಆಯಿತು. ಬೆಂಗಳೂರಿನಿಂದ ಜೊತೆಗೆ ಬಂದಿದ್ದ ಗೆಳೆಯನೊಬ್ಬನನ್ನು ನನ್ನ ಕಾಲೇಜಿನ ದಿನಗಳ ಖಾನಾವಳಿಗೆ ಕರೆದುಕೊಂಡು ಹೋದೆ. ದಾರಿಯುದ್ದಕ್ಕೂ ಅಲ್ಲಿಯ ಬದನೆಕಾಯಿ ಎಣ್ಣೆಗಾಯಿಯ ವರ್ಣನೆ ಮಾಡಿದ್ದೆ. ಬೋರ್ಡು ಅದೇ ಇತ್ತು, ಗೋಡೆಯ ಮೇಲಿನ ಬಸವಣ್ಣನವರ ಫೋಟೋ ಅದೇ ಇತ್ತು, ಸ್ಟೀಲಿನ ತಟ್ಟೆ ಕೂಡ ಅವೇ ಇರಬಹುದು. ಎಣ್ಣೆಗಾಯಿಯಲ್ಲಿ ಮಾತ್ರ ಗುರೆಳ್ಳಿನ ಸುಳಿವೇ ಇರಲಿಲ್ಲ, ಶೇಂಗಾದ ಬದಲು ಪುಟಾಣಿ, ಅಂದರೆ ಹುರಿಗಡಲೆಯ ಹಿಟ್ಟು ಹಾಕಿ ಗಟ್ಟಿ ಮಾಡಿದ್ದರು. ಗೆಳೆಯ ಸಂಭಾವಿತ, ಚೆನ್ನಾಗಿದೆ ಎಂದ. ಹಾಗೆನ್ನುತ್ತ ಎರಡನೆಯ ರೊಟ್ಟಿಯನ್ನು ಅರ್ಧಕ್ಕೇ ಬಿಟ್ಟ. ಹಳೆಯ ಯಜಮಾನರು ತೀರಿಕೊಂಡು, ಜಾಗವನ್ನು ಬೇರೆಯವರು ನಡೆಸಲು ತೆಗೆದುಕೊಂಡಿದ್ದಾರೆಂದು ಹೊರಗೆ ಪಾನಿನ ಅಂಗಡಿಯವನಿಂದ ಗೊತ್ತಾಯಿತು. ನನಗೆ ಅವರ ಮೇಲೆ ಸಿಟ್ಟಿಲ್ಲ. ಜಾತ್ರೆಯ ದಿನಗಳಲ್ಲಿ ನಂದಿಕೋಲಿನ ಮೆರವಣಿಗೆ ನೋಡಲು ಸುತ್ತಲಿನ ಹಳ್ಳಿಗಳೆಲ್ಲ ಊರೊಳಗೆ ಬಂದು ಇಳಿದಿರುವಾಗ ಯಾವ ಖಾನಾವಳಿಯನ್ನೂ ಕಟ್ಟುನಿಟ್ಟಾಗಿ ಅಳೆಯಬಾರದು. ಆದರೂ ಪುಟಾಣಿ ಹಿಟ್ಟಿಗೆ ಜಾತ್ರೆಯ ನೆಪ ಸಾಲದು.

ಎರಡನೆಯ ದಿನ ನೆನಪನ್ನು ಬದಿಗಿಟ್ಟು ಫೋನನ್ನು ನಂಬಿದೆ. ಮ್ಯಾಪಿನಲ್ಲಿ ನಾಲ್ಕೂವರೆಗಿಂತ ಹೆಚ್ಚು ನಕ್ಷತ್ರ ಪಡೆದ, ಹೊಸದಾಗಿ ಆರಂಭವಾದ ಫ್ಯಾಮಿಲಿ ರೆಸ್ಟೋರೆಂಟ್ ಒಂದು ಸಿಕ್ಕಿತು. ಕಾರು ನಿಲ್ಲಿಸಲು ವಿಶಾಲ ಜಾಗ, ಹೊಳೆಯುವ ನೆಲ, ಮಕ್ಕಳು ಆಡಲು ಜಾರುಬಂಡೆ ಎಲ್ಲವೂ ಇದ್ದವು. ಉತ್ತರ ಕರ್ನಾಟಕ ಥಾಲಿ ಎಂದು ಹೇಳಿದೆ. ರೊಟ್ಟಿ ಬಂದಾಗ ಬಿಸಿಯಾಗಿಯೇ ಇತ್ತು, ಆದರೆ ಎರಡು ನಿಮಿಷದಲ್ಲಿ ಚರ್ಮದ ಹಾಗೆ ಜಗ್ಗತೊಡಗಿತು. ಬೆಳಿಗ್ಗೆ ಮಾಡಿಟ್ಟದ್ದನ್ನು ಮೈಕ್ರೋವೇವಿನಲ್ಲಿ ಕಾಯಿಸಿ ತಂದರೆ ಹಾಗೆಯೇ ಆಗುವುದು. ಜೋಳದ ಸೀಮೆಯ ನಡುಮಧ್ಯದಲ್ಲಿ, ಡೋಣಿ ನದಿಯ ಬಯಲಿನ ಬೆಳೆ ಕಂಡು "ಡೋಣಿ ಬೆಳೆದರೆ ಓಣೆಲ್ಲ ಜೋಳ" ಎಂದು ಮಾತು ಕಟ್ಟಿದ ಜಿಲ್ಲೆಯಲ್ಲಿ ಕೂತು ಚರ್ಮದಂಥ ರೊಟ್ಟಿ ಜಗಿಯುವುದೆಂದರೆ ನನಗೆ ಅವಮಾನವೇ ಆದಂತಾಯಿತು.

ಮನೆಗೆ ಬಂದು ಆ ಜಾಗದ ಬಗ್ಗೆ ಜನ ಬರೆದದ್ದನ್ನೆಲ್ಲ ಕೂತು ಓದಿದೆ. ಬರೆದವರಲ್ಲಿ ಹೆಚ್ಚಿನವರು ಗೋಲಗುಮ್ಮಟ, ಇಬ್ರಾಹಿಂ ರೋಜಾ, ಬಾರಾ ಕಮಾನ್ ನೋಡಲು ಒಂದೇ ದಿನದ ಮಟ್ಟಿಗೆ ಬಂದವರು. ಬಿಸಿಲಿನಲ್ಲಿ ತಿರುಗಿ, ಗುಮ್ಮಟದ ಮೆಟ್ಟಿಲು ಹತ್ತಿ ಇಳಿದು ದಣಿದವರಿಗೆ ತಂಪು ಹವೆ, ಸ್ವಚ್ಛ ಶೌಚಾಲಯ, ಕಾರು ನಿಲ್ಲಿಸುವ ಜಾಗ ಸಿಕ್ಕರೆ ಅದೇ ಸ್ವರ್ಗ. ಅವರು ಕೊಟ್ಟ ನಕ್ಷತ್ರಗಳು ಅದಕ್ಕೆ ಸಲ್ಲಬೇಕಾದವೇ. ರೊಟ್ಟಿಯ ಬಗ್ಗೆ ಬರೆದವರು ಇಬ್ಬರೋ ಮೂವರೋ ಇದ್ದರು, ಅವರಲ್ಲೊಬ್ಬರಿಗೆ ಅದು ಮೈದಾದ ರೊಟ್ಟಿಯಷ್ಟು ಮೃದುವಾಗಿಲ್ಲ ಎಂಬ ಬೇಸರ. ಇನ್ನು ಊರಿನವರು ಖಾನಾವಳಿಯಲ್ಲಿ ಉಂಡು ಕೈ ತೊಳೆದುಕೊಂಡು ಹೋಗುತ್ತಾರೆಯೇ ಹೊರತು ನಕ್ಷತ್ರ ಒತ್ತುತ್ತ ಕೂರುವುದಿಲ್ಲ. ಎಷ್ಟೋ ಖಾನಾವಳಿಗಳು ಮ್ಯಾಪಿನಲ್ಲಿ ಇಲ್ಲವೇ ಇಲ್ಲ, ಇದ್ದರೂ ಸಿದ್ಧೇಶ್ವರ, ಬಸವೇಶ್ವರ, ಮಲ್ಲಿಕಾರ್ಜುನ ಎಂಬ ಅವೇ ನಾಲ್ಕು ಹೆಸರುಗಳಲ್ಲಿ ಕಲಸಿಹೋಗಿರುತ್ತವೆ. ನಮ್ಮೂರಲ್ಲಿ ಯಾರಾದರೂ "ಬಸವೇಶ್ವರ ಖಾನಾವಳಿಗೆ ಹೋಗ್ರಿ" ಎಂದರೆ ವಿಳಾಸ ಹೇಳಿದಂತಾಗಲಿಲ್ಲ, ಆಶೀರ್ವಾದ ಮಾಡಿದಂತಾಯಿತು ಅಷ್ಟೆ.

ಫೋನನ್ನು ಪೂರ್ತಿ ತೆಗೆದುಹಾಕಬೇಕೆಂದು ನಾನು ಹೇಳುತ್ತಿಲ್ಲ. ನಕ್ಷತ್ರ ಬಿಟ್ಟು ಫೋಟೋ ನೋಡಬೇಕು, ಅದರಲ್ಲೂ ಗಿರಾಕಿಗಳು ಇತ್ತೀಚೆಗೆ ತೆಗೆದ ಫೋಟೋ. ತಟ್ಟೆಯಲ್ಲಿ ಹಸಿ ಸೊಪ್ಪು ಕಾಣುತ್ತದೆಯೇ, ರೊಟ್ಟಿಯ ಮೇಲೆ ಸುಟ್ಟ ಚುಕ್ಕೆಗಳಿವೆಯೇ, ಗೋಡೆಯ ಮೇಲಿನ ಪಟ್ಟಿಯಲ್ಲಿ ಹತ್ತು ಪದಾರ್ಥಗಳಿವೆಯೋ ಇನ್ನೂರಿವೆಯೋ ಎಂಬುದು ಅಲ್ಲಿ ತಿಳಿಯುತ್ತದೆ. ಗೋಬಿ ಮಂಚೂರಿಯಿಂದ ಹಿಡಿದು ಪಿಜ್ಜಾದವರೆಗೆ ಎಲ್ಲ ಬರೆದಿರುವ ಕಡೆ ರೊಟ್ಟಿ ಊಟ ಹೇಳುವುದು ನಮ್ಮದೇ ತಪ್ಪು.

ಮೂರನೆಯ ದಿನ ಅಕ್ಕನ ಮಗನ ಮುಂದೆ ಇದೆಲ್ಲ ಹೇಳಿಕೊಂಡೆ. ಅವನು ಎಂಜಿನಿಯರಿಂಗ್ ಮುಗಿಸಿ ಪಿಎಸ್‌ಐ ಪರೀಕ್ಷೆಗೆ ಕೋಚಿಂಗ್ ಹೋಗುತ್ತಿದ್ದಾನೆ. ನನ್ನ ಎರಡೂ ಹೆಸರುಗಳನ್ನು ಕೇಳಿ ನಕ್ಕ. "ಮಾಮಾ, ನೀವು ಹೇಳೂದು ನಾ ಸಾಲಿಗೆ ಹೋಗೂಕಿಂತ ಮೊದಲಿನ ಬಿಜಾಪುರ. ನಾಳೆ ನಮ್ಮ ಹುಡುಗ್ರು ಉಣ್ಣೂ ಕಡೆ ಬರ್ರಿ."

ಈ ಮಾತು ನನಗೆ ಮೊದಲೇ ಹೊಳೆಯಬೇಕಾಗಿತ್ತು. ಸ್ಪರ್ಧಾತ್ಮಕ ಪರೀಕ್ಷೆಗಳ ತಯಾರಿಗೆಂದು ಸುತ್ತಲಿನ ತಾಲ್ಲೂಕುಗಳ ಹುಡುಗ ಹುಡುಗಿಯರು ವಿಜಯಪುರದಲ್ಲಿ ರೂಮು ಮಾಡಿಕೊಂಡಿರುತ್ತಾರೆ. ಸಿಂದಗಿಯವನು, ಇಂಡಿಯವನು, ಮುದ್ದೇಬಿಹಾಳದವನು, ಎಲ್ಲರೂ ಮನೆಯಲ್ಲಿ ಅವ್ವ ತಟ್ಟಿದ ರೊಟ್ಟಿ ತಿಂದು ಬೆಳೆದವರು, ಕಿಸೆಯಲ್ಲಿ ದುಡ್ಡು ಎಣಿಸಿಟ್ಟಷ್ಟೇ, ಹೊರಗಿನ ಊಟ ದಿನಕ್ಕೆ ಎರಡು ಹೊತ್ತು. ನಾಲಿಗೆಗೆ ಮನೆಯ ರುಚಿ ಗೊತ್ತಿದ್ದು, ಕಿಸೆ ಸಣ್ಣದಾಗಿದ್ದು, ದಿನವೂ ಅಲ್ಲೇ ಉಣ್ಣಬೇಕಾದವನಷ್ಟು ಕಠಿಣ ಪರೀಕ್ಷಕ ಬೇರೆ ಯಾರಿದ್ದಾರೆ? ಪ್ರವಾಸಿ ಒಮ್ಮೆ ಮೋಸಹೋಗಿ ತನ್ನೂರಿಗೆ ಹೋಗುತ್ತಾನೆ. ಈ ಹುಡುಗರು ಒಂದು ವಾರ ರೊಟ್ಟಿ ಕೆಟ್ಟರೆ ಹದಿನೈದು ಮಂದಿ ಒಟ್ಟಿಗೆ ಎದ್ದು ಪಕ್ಕದ ಮೆಸ್ಸಿಗೆ ಹೋಗುತ್ತಾರೆ. ನಾನೂ ಕಾಲೇಜಿನಲ್ಲಿದ್ದಾಗ ಹೀಗೆಯೇ ಆ ಹಳೆಯ ಖಾನಾವಳಿಯನ್ನು ಹುಡುಕಿಕೊಂಡದ್ದು. ಹುಡುಕುವ ದಾರಿಯನ್ನು ಮರೆತು ಸಿಕ್ಕ ಜಾಗವನ್ನಷ್ಟೇ ನೆನಪಿಟ್ಟುಕೊಂಡಿದ್ದೆ. ವಿದ್ಯಾರ್ಥಿಗಳು ಸಿಗದಿದ್ದರೆ ದೊಡ್ಡ ಆಸ್ಪತ್ರೆಗಳ ಹೊರಗೆ ರೋಗಿಯ ಕಡೆಯವರನ್ನು, ಎಪಿಎಂಸಿಯ ಹಮಾಲರನ್ನು, ಬಸ್ ಸ್ಟ್ಯಾಂಡಿನ ಆಟೋದವರನ್ನು ಕೇಳಬಹುದು. ಆಟೋದವರಿಗೂ "ಚಲೋ ಹೋಟೆಲ್ ಎಲ್ಲಿ ಐತಿ" ಎಂದು ಕೇಳಿದರೆ ನಮ್ಮ ಬಟ್ಟೆ ನೋಡಿ ದುಬಾರಿ ಹೋಟೆಲಿಗೆ ಒಯ್ಯುತ್ತಾರೆ. "ನೀವು ಎಲ್ಲಿ ಉಣ್ತೀರಿ" ಎಂದು ಕೇಳಬೇಕು.

ಮರುದಿನ ಮಧ್ಯಾಹ್ನ ಒಂದು ಗಂಟೆಗೆ ಅಳಿಯ ಕರೆದುಕೊಂಡು ಹೋದದ್ದು ಆಶ್ರಮ ರಸ್ತೆಯ ಕಡೆಯ ಒಂದು ಅಡ್ಡ ಓಣಿಗೆ. ಬೋರ್ಡಿರಲಿಲ್ಲ. ಮನೆಯ ಪಡಸಾಲೆಯಲ್ಲೇ ನಾಲ್ಕು ಟೇಬಲ್ಲು ಹಾಕಿದ್ದರು. ಒಳಗೆ ಹೋಗುವ ಮೊದಲೇ, ಓಣಿಯಲ್ಲಿ ಚಪ್ಪಲಿ ಬಿಡುವಾಗಲೇ, ರೊಟ್ಟಿ ತಟ್ಟುವ ಸಪ್ಪಳ ಕೇಳಿಸಿತು. ಇಬ್ಬರು ಹೆಣ್ಣುಮಕ್ಕಳು, ನೆಗೆಣ್ಣಿಯರಂತೆ, ಒಬ್ಬರು ಹಿಟ್ಟು ನಾದಿ ತಟ್ಟಿ ಕೊಡುವುದು, ಇನ್ನೊಬ್ಬರು ಹೆಂಚಿನ ಮೇಲೆ ಬಟ್ಟೆಯಿಂದ ನೀರು ಸವರಿ ಬೇಯಿಸುವುದು. "ಬರ್ರಿ ಅಣ್ಣಾರ, ಕುಂದರ್ರಿ. ಬಿಸಿ ರೊಟ್ಟಿ ಹಾಕ್ಲೇನ್ರಿ, ಖಡಕ್ ಬೇಕ್ರಿ?" ಎಂದು ಒಳಗಿನಿಂದಲೇ ಕೇಳಿದರು. ಹೀಗೆ ಕೇಳುವ ಜಾಗದಲ್ಲಿ ಊಟ ಕೆಡುವುದು ಕಡಿಮೆ, ಏಕೆಂದರೆ ಕೇಳಬೇಕಾದರೆ ಎರಡೂ ಇರಬೇಕು.

ರೊಟ್ಟಿಯ ಬಗ್ಗೆ ಇಷ್ಟು ಹೇಳದೆ ಮುಂದೆ ಹೋಗಲಾರೆ. ಗೋಧಿ ಹಿಟ್ಟಿನಲ್ಲಿರುವ ಅಂಟು ಜೋಳದ ಹಿಟ್ಟಿನಲ್ಲಿ ಇರುವುದಿಲ್ಲ. ಅದಕ್ಕೇ ನೀರನ್ನು ಎಸರಿಟ್ಟು ಕುದಿಸಿ ಹಿಟ್ಟಿಗೆ ಹಾಕಿ ನಾದುವುದು. ಆ ಬಿಸಿಗೆ ಹಿಟ್ಟು ಒಂದಕ್ಕೊಂದು ಹಿಡಿದುಕೊಳ್ಳುತ್ತದೆ. ಗಿರಣಿಯಿಂದ ಬಂದ ಹಿಟ್ಟು ಹಳೆಯದಾದಷ್ಟೂ ಜಿಗಿ ಹೋಗಿ, ತಟ್ಟುವಾಗ ಅಂಚು ಬಿರಿಯುತ್ತದೆ. ಆದ್ದರಿಂದ ತೆಳುವಾಗಿದ್ದೂ ಅಂಚು ಬಿರಿಯದ ಕೈರೊಟ್ಟಿ ಕಂಡರೆ, ಆ ಮನೆಯವರು ಹಿಟ್ಟನ್ನು ಮೂಟೆಗಟ್ಟಲೆ ಬೀಸಿಸಿ ಇಡುವುದಿಲ್ಲ, ಬೇಕಾದಾಗ ಬೇಕಾದಷ್ಟೇ ಬೀಸಿಸುತ್ತಾರೆ ಎಂದು ತಿಳಿಯಬಹುದು. ಈಗ ರೊಟ್ಟಿ ಮಾಡುವ ಮಶೀನುಗಳು ಬಂದಿವೆ, ಮದುವೆ ಮುಂಜಿಗೆ ಸಾವಿರಗಟ್ಟಲೆ ಬೇಕಾದಾಗ ಅವು ಬೇಕೇ ಬೇಕು. ದಿನದ ಊಟಕ್ಕೆ ಮಾತ್ರ ನಾನು ಕಿವಿಯನ್ನು ನಂಬುತ್ತೇನೆ: ಅಡುಗೆ ಮನೆಯಿಂದ ತಟ್ಟುವ ಸಪ್ಪಳ ಬರಬೇಕು.

ತಟ್ಟೆಯಲ್ಲಿ ಪುಂಡಿ ಪಲ್ಯ, ಮಡಕಿ ಕಾಳಿನ ಪಲ್ಯ, ಒಂದು ಚಮಚ ಕೆಂಪು ಮೆಣಸಿನಕಾಯಿಯ ರಂಜಕ, ಅಗಸಿ ಹಿಂಡಿ ಮತ್ತು ಶೇಂಗಾ ಹಿಂಡಿ ಎಂಬ ಎರಡು ಬಗೆಯ ಚಟ್ನಿಪುಡಿ, ಅದರ ಮೇಲೆ ಮೊಸರು. ಬದಿಯಲ್ಲಿ ಹಸಿ ಮೆಂತ್ಯ, ಉಳ್ಳಾಗಡ್ಡಿ ಮತ್ತು ಒಂದು ಹಿಡಿ ಹಕ್ಕರಕಿ. ಹಕ್ಕರಕಿ ಕಂಡ ಕೂಡಲೇ ನನಗೆ ಭರವಸೆ ಬಂತು. ಕಿತ್ತ ದಿನವೇ ತಿನ್ನಬೇಕಾದ ಸೊಪ್ಪು ಅದು, ಮರುದಿನಕ್ಕೆ ಬಾಡಿಹೋಗುತ್ತದೆ. ಬೆಳಿಗ್ಗೆ ಯಾರಾದರೂ ಖುದ್ದಾಗಿ ಸಂತೆಗೆ ಹೋಗಿ ಆರಿಸಿ ತಂದರೆ ಮಾತ್ರ ತಟ್ಟೆಗೆ ಬರುತ್ತದೆ. ಶೇಂಗಾ ಹಿಂಡಿಯನ್ನು ಬೆರಳಲ್ಲಿ ಒತ್ತಿದರೆ ಎಣ್ಣೆ ಬಿಟ್ಟು ಮುದ್ದೆಯಾಗುತ್ತಿತ್ತು, ಅಂದರೆ ಒರಳಿನಲ್ಲಿ ಕುಟ್ಟಿದ್ದು. ಮಿಕ್ಸರಿನಲ್ಲಿ ತಿರುವಿದ ಹಿಂಡಿ ಪುಡಿಯಾಗಿ ಉದುರುತ್ತದೆ. ಪಕ್ಕದ ಟೇಬಲ್ಲಿನ ಹುಡುಗನೊಬ್ಬ ಎಡಗೈಯಲ್ಲಿ ಪ್ರಚಲಿತ ವಿದ್ಯಮಾನದ ಪುಸ್ತಕ ಹಿಡಿದು ಓದುತ್ತಲೇ ಐದನೆಯ ರೊಟ್ಟಿ ಹಾಕಿಸಿಕೊಂಡ. ನಾನು ನಾಲ್ಕಕ್ಕೆ ನಿಂತೆ. ಬೆಂಗಳೂರಿನಲ್ಲಿ ನನ್ನ ಲೆಕ್ಕ ಒಂದೂವರೆ.

ಅನ್ನಕ್ಕೆ ಬಂದ ಸಾರು ಸಪ್ಪೆಯಾಗಿತ್ತು ಎಂಬುದನ್ನೂ ಹೇಳಬೇಕು. ನಾಲ್ಕೇ ಟೇಬಲ್ಲು ಇರುವುದರಿಂದ ಇಪ್ಪತ್ತು ನಿಮಿಷ ಹೊರಗೆ ನಿಂತು ಕಾಯಬೇಕಾಯಿತು, ವಯಸ್ಸಾದವರನ್ನು ಕರೆದೊಯ್ಯಲು ಅನುಕೂಲವಿಲ್ಲ. ಜಾಗದ ವಿವರ ಇಲ್ಲಿ ಬರೆಯದಿರಲು ಕಾರಣವೂ ಅದೇ. ನಾಲ್ಕು ಟೇಬಲ್ಲಿನ ಮನೆಗೆ ನಲವತ್ತು ಕಾರು ಬಂದು ನಿಂತರೆ ಮೊದಲು ಹಾಳಾಗುವುದು ಆ ಹುಡುಗರ ಮಧ್ಯಾಹ್ನದ ಊಟ. ಹೋಗುವವರು ಅವರನ್ನೇ ಕೇಳಿಕೊಂಡು ಹೋಗಲಿ.

ಹೊಸದೆಂದರೆ ರೊಟ್ಟಿಯೇ ಆಗಬೇಕೆಂದೂ ಇಲ್ಲ. ಜಲನಗರದ ಕಡೆ ಸಂಜೆ ಹೊತ್ತು ಗಿರ್ಮಿಟ್, ಮಿರ್ಚಿ ಭಜಿಯ ಗಾಡಿಗಳು ಹೆಚ್ಚಾಗಿವೆ. ಅಲ್ಲಿಯೂ ನೋಡಬೇಕಾದದ್ದು ಬಾಣಲೆಯಲ್ಲಿನ ಎಣ್ಣೆಯ ಬಣ್ಣವನ್ನೇ. ಮಾಂಸದ ಊಟದ ಬಗ್ಗೆ ಮಾತನಾಡುವ ಅಧಿಕಾರ ನನಗಿಲ್ಲ; ಬೆಳಗಿನ ಪಾಯಾ ಎಲ್ಲಿ ಚೆನ್ನಾಗಿದೆ ಎಂದು ನನ್ನ ಬಾಲ್ಯದ ಗೆಳೆಯನನ್ನು ಕೇಳಿದರೆ ಅರ್ಧ ಗಂಟೆ ಹೇಳಬಲ್ಲ, ಆದರೆ ಅವನೂ ಈಗ ಪುಣೆಯಲ್ಲಿದ್ದಾನೆ, ಅವನ ಮಾಹಿತಿಯೂ ನನ್ನದರಷ್ಟೇ ಹಳೆಯದು.

ಹೊರಡುವಾಗ ಆ ಮನೆಯಿಂದ ಕಾಲು ಕಿಲೋ ಶೇಂಗಾ ಹಿಂಡಿ ಕಟ್ಟಿಸಿಕೊಂಡಿದ್ದೆ. ಅವ್ವನಿಗೆ ತೋರಿಸಬಾರದೆಂದು ಚೀಲದ ತಳದಲ್ಲಿಟ್ಟರೂ ಗೋಲಗುಂಬಜ್ ಎಕ್ಸ್‌ಪ್ರೆಸ್ಸಿಗೆ ಬುತ್ತಿ ಕಟ್ಟುವಾಗ ಅವಳ ಕೈಗೇ ಸಿಕ್ಕಿತು. ಬಿಚ್ಚಿ ಚಿಟಿಕೆಯಷ್ಟು ಬಾಯಿಗೆ ಹಾಕಿಕೊಂಡಳು. ಇನ್ನೊಂದು ಚಿಟಿಕೆ ಹಾಕಿಕೊಂಡಳು. "ಕುಟ್ಟ್ಯಾರ, ಮಿಕ್ಸರ್ ಹಚ್ಚಿಲ್ಲ. ಉಪ್ಪು ಒಂದ ಹರಳು ಹೆಚ್ಚಾಗೈತಿ," ಎಂದಳು. ಗೆಳೆಯರು ಕರೆದಿದ್ದರೆಂಬ ನನ್ನ ಸುಳ್ಳಿನ ಬಗ್ಗೆ ಏನೂ ಕೇಳಲಿಲ್ಲ. ರೈಲಿನಲ್ಲಿ ಬುತ್ತಿ ಬಿಚ್ಚಿದಾಗ ಪೊಟ್ಟಣದಲ್ಲಿ ಅರ್ಧದಷ್ಟೇ ಹಿಂಡಿ ಇತ್ತು. ಉಳಿದರ್ಧವನ್ನು ಅವಳು ಮನೆಯಲ್ಲೇ ಇಟ್ಟುಕೊಂಡಿದ್ದಳು.