ಎರಡು ನಿಮಿಷದ ಚಾರ್ಜ್ ಸರಿ, ತೂಕದ ಲೆಕ್ಕ ಎಲ್ಲಿ?

ಸೂಪರ್‌ಕೆಪಾಸಿಟರ್ (ವಿದ್ಯುತ್ತನ್ನು ತಟ್ಟನೆ ತುಂಬಿಕೊಂಡು ತಟ್ಟನೆ ಕೊಡುವ ಸಾಧನ) ಎರಡೇ ನಿಮಿಷದಲ್ಲಿ ಚಾರ್ಜ್ ಆಗುವಾಗ ಕಾರಿಗೆ ಬ್ಯಾಟರಿ ಯಾಕೆ ಬೇಕು ಎಂದು ಒಂದು ಲೇಖನದಲ್ಲಿ ಅದರ ಲೇಖಕರು ಕೇಳಿದ್ದಾರೆ. ತೂಕ ನೋಡಿದ್ದೀರಾ ಸ್ವಾಮಿ? ಒಂದು ಕಿಲೋ ಸೂಪರ್‌ಕೆಪಾಸಿಟರ್‌ನಲ್ಲಿ ಹಿಡಿಸುವುದು ಸುಮಾರು 6 ವ್ಯಾಟ್-ಅವರ್ ಶಕ್ತಿ (ಸಾವಿರ ವ್ಯಾಟ್-ಅವರ್ ಅಂದರೆ ಒಂದು ಯೂನಿಟ್). ಲಿಥಿಯಂ ಸೆಲ್‌ನಲ್ಲಿ 200ರ ಆಸುಪಾಸು. ಸಣ್ಣ ಕಾರಿಗೆ 30 ಯೂನಿಟ್ ಬೇಕು ಅಂದುಕೊಳ್ಳಿ. ಬರೀ ಕೆಪಾಸಿಟರೇ 5 ಟನ್! ಅದನ್ನು ಹೊರಲು ಲಾರಿ ಬೇಕು.

ಇನ್ನು ಆ ಎರಡು ನಿಮಿಷ. 30 ಯೂನಿಟ್‌ ಅಷ್ಟರಲ್ಲಿ ತುಂಬಬೇಕಾದರೆ 900 ಕಿಲೋವ್ಯಾಟ್ ಹರಿಯಬೇಕು. ಮನೆಯ ಮೀಟರ್ 3–5 ಕಿಲೋವ್ಯಾಟಿಂದು, ಮರೀಬೇಡಿ.

ಹಾಗಂತ ಸುಮ್ನೆ ತಳ್ಳಿಹಾಕುತ್ತಿಲ್ಲ. ಶಾಂಘೈನಲ್ಲಿ 2006ರಲ್ಲೇ ಸೂಪರ್‌ಕೆಪಾಸಿಟರ್ ಬಸ್ಸು ಓಡಿಸಿದರು. ಜನ ಹತ್ತಿ ಇಳಿಯುವಷ್ಟರಲ್ಲಿ ಚಾರ್ಜ್, ಆಮೇಲೆ ಕೆಲವೇ ಕಿಲೋಮೀಟರ್ ಓಟ, ಮತ್ತೆ ಚಾರ್ಜ್. ಗೊತ್ತಿರುವ ದಾರಿ, ಗೊತ್ತಿರುವ ನಿಲ್ದಾಣ, ಹಾಗಾಗಿ ನಡೆಯಿತು. ಕಾರಿಗೆ ಆ ಅನುಕೂಲ ಇಲ್ಲ, ಅಲ್ವಾ? ಜೊತೆಗೆ ನಿಲ್ಲಿಸಿಟ್ಟರೆ ಚಾರ್ಜ್ ಬ್ಯಾಟರಿಗಿಂತ ಬೇಗ ಸೋರಿಹೋಗುತ್ತದೆ. ರಜೆ ಮುಗಿಸಿ ಬಂದವನ ಗತಿ ಏನು?

ಬ್ರೇಕ್ ಹಾಕಿದಾಗ ಬರುವ ಶಕ್ತಿ ಹಿಡಿದಿಟ್ಟು, ಹೊರಡುವಾಗ ತಟ್ಟನೆ ಕೊಡುವ ಕೆಲಸಕ್ಕೆ ಸೂಪರ್‌ಕೆಪಾಸಿಟರನ್ನು ಬ್ಯಾಟರಿಯ ಪಕ್ಕದಲ್ಲಿ ಕೂರಿಸಿ. ಅದಕ್ಕೆ ನನ್ನ ತಕರಾರಿಲ್ಲ.