ಗ್ರಂಥಋಣದ ಪುಟ ತೆರೆದು ನೋಡಿ

ನಾನು ವಿಶ್ವವಿದ್ಯಾಲಯದ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ಕಾಲೇಜು, ವಿಶ್ವವಿದ್ಯಾಲಯಗಳ ಗುಣಮಟ್ಟ ಅಳೆಯುವ ನ್ಯಾಕ್ ಸಂಸ್ಥೆಯ ತಂಡ ಬರುವ ಮುಂಚೆ ಒಂದು ಕೆಲಸ ನಮ್ಮ ಪಾಲಿಗೆ ಬೀಳುತ್ತದೆ. ಯಾವ ವಿಭಾಗದವರ ಬರಹವನ್ನು ಬೇರೆ ಸಂಶೋಧಕರು ಎಷ್ಟು ಸಲ ಉಲ್ಲೇಖಿಸಿದ್ದಾರೆ ಅಂತ ಲೆಕ್ಕ ತೆಗೆದು ಕೊಡಬೇಕು. ಸ್ಕೋಪಸ್, ವೆಬ್ ಆಫ್ ಸೈನ್ಸ್ ಅನ್ನುವ, ಉಲ್ಲೇಖಗಳನ್ನು ಎಣಿಸಿಕೊಡುವ ಡೇಟಾಬೇಸ್‌ಗಳನ್ನು ತೆರೆದು ಒಬ್ಬೊಬ್ಬರ ಹೆಸರು ಹುಡುಕುವುದು, ಎಕ್ಸೆಲ್‌ನಲ್ಲಿ ತುಂಬುವುದು. ಕಳೆದ ಸಲ ಕೆಮಿಸ್ಟ್ರಿಯ ಸಾಲು ತುಂಬಿತು, ಫಿಸಿಕ್ಸ್ ಸಾಲು ತುಂಬಿತು. ಕನ್ನಡ ವಿಭಾಗಕ್ಕೆ ಸೊನ್ನೆ. ಅಲ್ಲಿನ ಎಲ್ಲ ಅಧ್ಯಾಪಕರಿಗೂ ಸೊನ್ನೆ.

ಸಭೆಯಲ್ಲಿ ಆ ಹಾಳೆ ನೋಡಿದವರೊಬ್ಬರು, "ಕನ್ನಡದವರು ರಿಸರ್ಚೇ ಮಾಡಲ್ವಾ ಮೇಡಂ?" ಅಂತ ನನ್ನನ್ನೇ ಕೇಳಿದರು. ವಿಭಾಗದ ಮುಖ್ಯಸ್ಥರು ಎದುರಿಗೇ ಕೂತಿದ್ದರು. ಏನೂ ಹೇಳಲಿಲ್ಲ, ಕನ್ನಡಕ ತೆಗೆದು ಒರೆಸತೊಡಗಿದರು. ನನಗೆ ತುಂಬಾ ಸಂಕಟವಾಯಿತು. ಆ ಸೊನ್ನೆಗಳನ್ನು ಟೈಪ್ ಮಾಡಿದವಳು ನಾನೇ.

ಮುಂದಿನ ಶನಿವಾರ ಥೀಸಿಸ್ ಇಡುವ ಕೋಣೆಗೆ ಹೋದೆ. ಕನ್ನಡದ ಇಪ್ಪತ್ತು ಥೀಸಿಸ್ ಕೆಳಗಿಳಿಸಿ, ಧೂಳು ಒರೆಸಿ, ಹಿಂದಿನಿಂದ ತೆರೆದೆ. ಕೊನೆಯಲ್ಲಿ ಬರುವ ಪುಸ್ತಕಗಳ ಪಟ್ಟಿಗೆ ನಮ್ಮಲ್ಲಿ ಗ್ರಂಥಋಣ ಅನ್ನುತ್ತಾರೆ. ಎಷ್ಟು ಚೆಂದದ ಮಾತು ಅಲ್ವಾ? ಯಾರಿಂದ ಏನು ಪಡೆದೆ ಅನ್ನುವ ಸಾಲದ ಲೆಕ್ಕ ಅದು. ಆ ಪುಟಗಳಲ್ಲಿ ನಮ್ಮ ವಿಭಾಗದವರ ಹೆಸರು ಮತ್ತೆ ಮತ್ತೆ ಸಿಕ್ಕಿತು. ಮುಖ್ಯಸ್ಥರು ಎಷ್ಟೋ ವರ್ಷದ ಹಿಂದೆ ವೀರಗಲ್ಲುಗಳ ಮೇಲೆ ಬರೆದ ಒಂದು ಲೇಖನವಿದೆ. ಅದನ್ನು ಹಿಡಿದುಕೊಂಡೇ ಹಲವರು ಮುಂದೆ ಹೋಗಿದ್ದಾರೆ. ಅಡಿಟಿಪ್ಪಣಿಗಳಲ್ಲಿ "ಅದೇ, ಪು. 43", "ಅದೇ, ಪು. 45" ಅಂತ ಸಾಲುಸಾಲು. ಒಬ್ಬ ಹುಡುಗಿಯಂತೂ ಒಂದು ಇಡೀ ಅಧ್ಯಾಯದಲ್ಲಿ ಅವರ ವಾದ ಸರಿಯಲ್ಲ ಅಂತ ಪಟ್ಟು ಹಿಡಿದು ಬರೆದಿದ್ದಾಳೆ. ಒಬ್ಬರ ಬರಹ ಇನ್ನೊಬ್ಬರನ್ನು ಇಷ್ಟು ಕೆಣಕಿತು ಅಂದರೆ ಅದಕ್ಕಿಂತ ದೊಡ್ಡ ಪ್ರಭಾವ ಯಾವುದು?

ಇದರಲ್ಲಿ ಒಂದೂ ಸ್ಕೋಪಸ್‌ಗೆ ಕಾಣುವುದಿಲ್ಲ. ಒಂದು ಪತ್ರಿಕೆ ಅಲ್ಲಿ ಸೇರಬೇಕಾದರೆ ಲೇಖನದ ಹೆಸರು, ಸಾರಾಂಶ ಇಂಗ್ಲಿಷ್‌ನಲ್ಲಿರಬೇಕು, ಉಲ್ಲೇಖಗಳ ಪಟ್ಟಿ ರೋಮನ್ ಲಿಪಿಯಲ್ಲಿರಬೇಕು. ಅದು ಅವರದೇ ನಿಯಮ. ಕನ್ನಡ ಲಿಪಿಯ ಗ್ರಂಥಋಣ ಬಾಗಿಲಲ್ಲೇ ನಿಂತುಬಿಡುತ್ತದೆ. ಇನ್ನು ನಮ್ಮವರ ಮುಖ್ಯ ಕೆಲಸವೆಲ್ಲ ಪುಸ್ತಕಗಳಲ್ಲಿ, ಸಂಪಾದಿತ ಸಂಪುಟಗಳಲ್ಲಿ, ಪ್ರಬುದ್ಧ ಕರ್ನಾಟಕದಂಥ ಪತ್ರಿಕೆಗಳಲ್ಲಿ ಇದೆ.

ಕಾಲದ ಮಾತೂ ಇದೆ. ಒಂದು ಪತ್ರಿಕೆಯ ಲೇಖನಗಳನ್ನು ಸರಾಸರಿ ಎಷ್ಟು ಸಲ ಉಲ್ಲೇಖಿಸಿದ್ದಾರೆ ಅನ್ನುವ ಇಂಪ್ಯಾಕ್ಟ್ ಫ್ಯಾಕ್ಟರ್ ಲೆಕ್ಕ ಹಾಕುವಾಗ ಹಿಂದಿನ ಎರಡು ವರ್ಷದ ಲೇಖನಗಳನ್ನು ಮಾತ್ರ ನೋಡುತ್ತಾರೆ. ಕೆಮಿಸ್ಟ್ರಿಗೆ ಅದು ಹೊಂದಬಹುದು. ಎಂ. ಚಿದಾನಂದಮೂರ್ತಿಯವರು ಕನ್ನಡ ಶಾಸನಗಳ ಸಾಂಸ್ಕೃತಿಕ ಅಧ್ಯಯನ ಮಾಡಿದ ಪುಸ್ತಕ ಅಚ್ಚಾದದ್ದು 1966ರಲ್ಲಿ. ಶಾಸನಗಳ ಮೇಲೆ ಕೆಲಸ ಮಾಡುವವರು ಇವತ್ತಿಗೂ ಅದನ್ನು ತೆರೆಯದೆ ಮುಂದೆ ಹೋಗುವುದಿಲ್ಲ. ಎರಡು ವರ್ಷದ ಕೋಲಿನಲ್ಲಿ ಇದನ್ನು ಹೇಗೆ ಅಳೆಯುತ್ತೀರಿ?

ನಾನು ಈ ಲೆಕ್ಕದ ವಿರೋಧಿಯಲ್ಲ. ಲೈಬ್ರರಿ ಸೈನ್ಸ್ ಓದುವಾಗ ನನಗೆ ತುಂಬಾ ಇಷ್ಟವಾಗಿದ್ದ ವಿಷಯವೇ ಇದು. ಅಮೆರಿಕದ ಯೂಜೀನ್ ಗಾರ್ಫೀಲ್ಡ್ 1955ರಲ್ಲಿ ವಿಜ್ಞಾನ ಲೇಖನಗಳಿಗೆ ಇಂಥ ಉಲ್ಲೇಖಗಳ ಪಟ್ಟಿ ಬೇಕು ಅಂತ ಸೂಚಿಸಿದಾಗ ಅವರ ಮನಸ್ಸಿನಲ್ಲಿದ್ದದ್ದು ಓದುಗ. ಒಂದು ಲೇಖನವನ್ನು ಆಮೇಲೆ ಯಾರು ಬಳಸಿಕೊಂಡರು, ಯಾರು ತಪ್ಪು ಅಂದರು ಅಂತ ಹುಡುಕಲು ದಾರಿ ಬೇಕಿತ್ತು. ಥೀಸಿಸ್ ಕೋಣೆಯಲ್ಲಿ ನಾನು ಮಾಡಿದ್ದೂ ಅದನ್ನೇ. ಸಂಶೋಧನೆಯನ್ನು ಅಂಕಿಗಳಿಂದ ಅಳೆಯುವಾಗ ಪಾಲಿಸಬೇಕಾದ ತತ್ವಗಳನ್ನು ಹೇಳುವ, 2015ರಲ್ಲಿ ಬಂದ ಲೈಡನ್ ಮ್ಯಾನಿಫೆಸ್ಟೋ ಕೂಡ ಸ್ಥಳೀಯ ವಿಷಯಗಳ ಮೇಲಿನ, ಇಂಗ್ಲಿಷ್ ಅಲ್ಲದ ಭಾಷೆಗಳ ಒಳ್ಳೆಯ ಸಂಶೋಧನೆಯನ್ನು ಕಾಪಾಡಬೇಕು ಅಂತ ಸ್ಪಷ್ಟವಾಗಿ ಹೇಳಿದೆ. ವಿಭಾಗವನ್ನು ತೂಗಲು ಕೂರುವವರು ಇದನ್ನು ಒಮ್ಮೆ ಓದಲಿ.

"ಗೂಗಲ್ ಸ್ಕಾಲರ್‌ನಲ್ಲಿ ಸಿಗಲ್ವಾ?" ಅಂತ ಕೇಳುತ್ತೀರಿ. ಸ್ವಲ್ಪ ಸಿಗುತ್ತದೆ. ಆದರೆ ಇಲ್ಲಿ ತಪ್ಪು ನಮ್ಮದೂ ಇದೆ. ಭಾರತದ ಥೀಸಿಸ್‌ಗಳನ್ನು ಆನ್‌ಲೈನ್‌ನಲ್ಲಿ ಇಡುವ ಶೋಧಗಂಗಾದಲ್ಲಿರುವ ಎಷ್ಟೋ ಕನ್ನಡ ಥೀಸಿಸ್‌ಗಳು ಸ್ಕ್ಯಾನ್ ಮಾಡಿದ ಚಿತ್ರಗಳು. ಇನ್ನು ಕೆಲವು ಯೂನಿಕೋಡ್ ಅಲ್ಲದ ಹಳೆಯ ನುಡಿ ಫಾಂಟ್‌ನಲ್ಲಿವೆ, ಹುಡುಕಿದರೆ ಒಂದು ಪದವೂ ಸಿಗುವುದಿಲ್ಲ. ಹೆಸರುಗಳ ಗೋಜಲು ಬೇರೆ. ಒಬ್ಬರು ಚಿದಾನಂದಮೂರ್ತಿ ಎಂ. ಅಂತ ಬರೆಯುತ್ತಾರೆ, ಇನ್ನೊಬ್ಬರು ಚಿದಾನಂದ ಮೂರ್ತಿ ಅಂತ ಬಿಡಿಸುತ್ತಾರೆ, ಮತ್ತೊಬ್ಬರು ಸುಮ್ನೆ ಚಿಮೂ ಅಂತ ಬಿಡುತ್ತಾರೆ. ಯಂತ್ರಕ್ಕೆ ಇವರು ಮೂರು ಜನ. ಪುಟಸಂಖ್ಯೆಯೇ ಇಲ್ಲದೆ "ವಿದ್ವಾಂಸರು ಹೇಳುವಂತೆ" ಅಂತ ದಾಟಿಹೋಗುವವರೂ ಜಾಸ್ತಿ. ಋಣ ಅಂತ ಹೆಸರಿಟ್ಟ ಮೇಲೆ ಯಾರ ಋಣ ಅಂತ ಬರೆಯಬೇಕಲ್ವಾ?

ಈಗ ಶನಿವಾರ ಮಧ್ಯಾಹ್ನ ನಾನು, ಇಬ್ಬರು ಸಂಶೋಧನಾ ವಿದ್ಯಾರ್ಥಿಗಳು ಕೂತು ಗ್ರಂಥಋಣಗಳನ್ನು ಹುಡುಕಿದರೆ ಸಿಗುವ ಹಾಗೆ ಯೂನಿಕೋಡ್‌ನಲ್ಲಿ ಟೈಪ್ ಮಾಡುತ್ತಿದ್ದೇವೆ. ಲೇಖಕರ ಹೆಸರು, ಲೇಖನ, ಪತ್ರಿಕೆ, ವರ್ಷ, ಪುಟ. ಕೆಲಸ ನಿಧಾನ. ನೀವು ಕನ್ನಡದಲ್ಲಿ ಪಿಎಚ್‌.ಡಿ. ಮಾಡಿದ್ದರೆ ನಿಮ್ಮ ಥೀಸಿಸ್‌ನ ಗ್ರಂಥಋಣದ ಪುಟಗಳನ್ನು ಇನ್‌ಬಾಕ್ಸ್‌ಗೆ ಕಳಿಸಿ. ಫೋಟೋ ಆದರೂ ಪರವಾಗಿಲ್ಲ, ಟೈಪ್ ನಾವೇ ಮಾಡಿಕೊಳ್ಳುತ್ತೇವೆ.